ಫ್ರೀವೀಲ್ ಇಲ್ಲದ ಸೈಕಲ್, ಏರಿಳಿತದ ಕಾಸರಗೋಡು

ಸಪೂರ ಉಕ್ಕಿನ ಚೌಕಟ್ಟು, ಮುಂದೆ ಒಂದೇ ಚೈನ್‌ವೀಲ್, ಹಿಂಗಾಲಿಯಲ್ಲಿ ಒಂದೇ ಹಲ್ಲುಚಕ್ರ ಅಂದರೆ ಸ್ಪ್ರಾಕೆಟ್, ಗೇರ್ ಬದಲಿಸುವ ಸಲಕರಣೆಯಾಗಲಿ ನೇತಾಡುವ ಕೇಬಲ್‌ಗಳಾಗಲಿ ಇಲ್ಲದ ಬೋಳು ಮೈ, ರಿಮ್ಮಿಗೊಂದು ಬಣ್ಣ, ಚೈನಿಗೊಂದು ಬಣ್ಣ: ಗಾಲಿ ತಿರುಗುವವರೆಗೆ ಪೆಡಲೂ ತಿರುಗುತ್ತಲೇ ಇರುವ, ಫಿಕ್ಸೆಡ್ ಗೇರ್ ಸೈಕಲ್ ಎಂದು ಮಾರಾಟವಾಗುವ ಸರಕು ನೋಟಕ್ಕೆ ಹೀಗಿರುತ್ತದೆ. ಮಂಗಳೂರಿನಲ್ಲಿ ಓದುತ್ತಿರುವ ನನ್ನ ಅಕ್ಕನ ಮಗ ಬೇಸಗೆ ರಜೆಗೆ ಮೊದಲು ಇಂತಹದ್ದೊಂದನ್ನು ಕುಂಬಳೆಯ ನಮ್ಮ ಮನೆಗೆ ತರಿಸಿಕೊಂಡ. ಬೇಸಗೆಯ ಬಿಸಿಲಿನಲ್ಲೂ ಅದರ ಹಿಂದೆಯೇ ಬಂದ ಮಳೆಗಾಲದಲ್ಲೂ ಕುಂಬಳೆ, ಸೀತಾಂಗೋಳಿ, ಬದಿಯಡ್ಕ, ಮೊಗ್ರಾಲ್‌ಗಳ ನಡುವೆ ಅದನ್ನು ಅವನಿಗಿಂತ ಹೆಚ್ಚು ತುಳಿದವನು ನಾನೇ. ತೀರ್ಪನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಕೊಟ್ಟ ಹಣಕ್ಕೆ ಮೋಸವಿಲ್ಲದ ಸೈಕಲ್ ಇದು. ಸಮತಟ್ಟಾದ ರಸ್ತೆಯಲ್ಲಿ ಇದರಷ್ಟು ಖುಷಿ ಕೊಡುವ ಸೈಕಲನ್ನು ನಾನು ಬೇರೆ ತುಳಿದಿಲ್ಲ. ಆದರೆ ಮಾರುವವರು ಚಿತ್ರಗಳಲ್ಲಿ ಯಾವುದನ್ನು ಇದರ ಅಂದವೆಂದು ತೋರಿಸುತ್ತಾರೋ ಆ ಬ್ರೇಕಿಲ್ಲದ ಬೋಳು ಹ್ಯಾಂಡಲ್ ಮಾತ್ರ ಗುಡ್ಡೆ ಹತ್ತಿ ಗುಡ್ಡೆ ಇಳಿಯುವ ನಮ್ಮ ಊರಿಗೆ ಸರ್ವಥಾ ಒಗ್ಗದು. ಮುಂದಿನ ಗಾಲಿಗೆ ಒಳ್ಳೆಯ ಬ್ರೇಕು ಇದ್ದರೆ ಕೊಳ್ಳಿ, ಇಲ್ಲದಿದ್ದರೆ ಹಾಕಿಸಿಕೊಂಡೇ ರಸ್ತೆಗಿಳಿಸಿ, ಎರಡೂ ಆಗದಿದ್ದರೆ ಬಿಟ್ಟುಬಿಡಿ.

ಸೈಕಲಿನ ಮೇಲಿರುವ ಹೆಸರನ್ನು ನಾನು ಇಲ್ಲಿ ಹೇಳದಿರುವುದಕ್ಕೆ ಕಾರಣವಿದೆ. ಈ ಬೆಲೆಯ ಮಟ್ಟದಲ್ಲಿ, ಅಂದರೆ 25,000 ರೂಪಾಯಿಯ ಆಸುಪಾಸಿನಲ್ಲಿ, ಹೆಚ್ಚುಕಡಿಮೆ ಒಂದೇ ಬಗೆಯ ಚೌಕಟ್ಟು ಮತ್ತು ಬಿಡಿಭಾಗಗಳು ಬೇರೆ ಬೇರೆ ಸ್ಟಿಕ್ಕರುಗಳನ್ನು ಅಂಟಿಸಿಕೊಂಡು ಬರುತ್ತವೆ. ಆದ್ದರಿಂದ ಕೊಳ್ಳುವವರು ನೋಡಬೇಕಾದದ್ದು ಸ್ಟಿಕ್ಕರನ್ನಲ್ಲ, ಕಟ್ಟಣೆಯನ್ನು. ನಮ್ಮ ಮನೆಗೆ ಬಂದದ್ದರಲ್ಲಿ 46 ಹಲ್ಲಿನ ಚೈನ್‌ವೀಲ್, ಹಿಂಗಾಲಿಯ ಒಂದು ಬದಿಗೆ 16 ಹಲ್ಲಿನ ಫಿಕ್ಸೆಡ್ ಸ್ಪ್ರಾಕೆಟ್, ಇನ್ನೊಂದು ಬದಿಗೆ 18 ಹಲ್ಲಿನ ಮಾಮೂಲಿ ಫ್ರೀವೀಲ್, 28 ಮಿಲಿಮೀಟರ್ ಅಗಲದ ಟಯರುಗಳು, ಮುಂದೆ ಮತ್ತು ಹಿಂದೆ ರಿಮ್ಮನ್ನು ಹಿಡಿಯುವ ಬ್ರೇಕುಗಳು ಇದ್ದವು. ಎರಡೂ ಬದಿಗೆ ಹಲ್ಲು ಕೂರಿಸಬಹುದಾದ, ಗಾಲಿಯ ನಡುವಿನ ಇಂತಹ ಹಬ್ಬನ್ನು ಫ್ಲಿಪ್ ಫ್ಲಾಪ್ ಹಬ್ ಎನ್ನುತ್ತಾರೆ. ಹಿಂಗಾಲಿಯನ್ನು ಬಿಚ್ಚಿ ಎಡದ್ದನ್ನು ಬಲಕ್ಕೆ ತಿರುಗಿಸಿ ಹಾಕಿದರೆ ಫಿಕ್ಸೆಡ್ ಸೈಕಲ್ ಸಾಮಾನ್ಯ ಸೈಕಲಾಗುತ್ತದೆ. ಸ್ಟ್ಯಾಂಡು, ಮಡ್‌ಗಾರ್ಡು, ಕ್ಯಾರಿಯರು, ಗಂಟೆ ಯಾವುದೂ ಇಲ್ಲ. ಗೋಡೆಗೊರಗಿಸಿ ಇಡಬೇಕಾದ ಸೈಕಲಿಗೆ ಇಷ್ಟು ಹಣವೇ ಎಂದು ನನ್ನ ಅಕ್ಕ ಕೇಳಿದ್ದಕ್ಕೆ ಮಗನ ಬಳಿ ಉತ್ತರವಿರಲಿಲ್ಲ.

ಇಂತಹ ಸೈಕಲನ್ನು ಒಮ್ಮೆಯೂ ಮುಟ್ಟದವರಿಗಾಗಿ ಇದರ ಕೆಲಸವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಾವೆಲ್ಲ ಬಳಸುವ ಸೈಕಲಿನಲ್ಲಿ ಫ್ರೀವೀಲಿನೊಳಗಿನ ಸಣ್ಣ ನಾಲಗೆಗಳು ಮುಂದಕ್ಕೆ ತುಳಿದಾಗ ಮಾತ್ರ ಹಿಡಿದುಕೊಳ್ಳುತ್ತವೆ, ಕಾಲು ನಿಲ್ಲಿಸಿದರೆ ಬಿಟ್ಟುಕೊಡುತ್ತವೆ. ಇಳಿಜಾರಿನಲ್ಲಿ ಕೇಳುವ ಟಕಟಕ ಸದ್ದು ಅವುಗಳದ್ದೇ. ಫಿಕ್ಸೆಡ್ ಸೈಕಲಿನಲ್ಲಿ ಆ ಏರ್ಪಾಡೇ ಇಲ್ಲ. ಸ್ಪ್ರಾಕೆಟ್ ನೇರವಾಗಿ ಹಬ್ಬಿಗೆ ಬಿಗಿಯಲ್ಪಟ್ಟಿರುತ್ತದೆ. ಗಾಲಿ ತಿರುಗುವವರೆಗೆ ಪೆಡಲೂ ತಿರುಗುತ್ತದೆ, ತುಳಿಯುವ ಹೊಲಿಗೆ ಯಂತ್ರದ ಪಾದಪಟ್ಟಿ ಚಕ್ರದೊಡನೆ ಆಡುತ್ತಲೇ ಇರುವಂತೆ. ಕಾಲು ಸುಮ್ಮನಿರಲು ಬಯಸಿದರೂ ಸೈಕಲ್ ಬಿಡುವುದಿಲ್ಲ. ಹಾಗೆಯೇ ಪೆಡಲನ್ನು ಹಿಂದಕ್ಕೆ ಒತ್ತಿ ತಡೆದರೆ ಗಾಲಿ ನಿಧಾನವಾಗುತ್ತದೆ, ಬಲವಾಗಿ ತಡೆದರೆ ಹಿಂಗಾಲಿ ನಿಂತು ಜಾರುತ್ತದೆ. ಇದನ್ನೇ ಬ್ರೇಕೆಂದು ನಂಬಿ ಕೈಬ್ರೇಕನ್ನು ಕಳಚುವವರು ಇದ್ದಾರೆ.

ವೆಲೊಡ್ರೋಮ್‌ಗಳಲ್ಲಿ, ಅಂದರೆ ಸೈಕಲ್ ಪಂದ್ಯಕ್ಕೆಂದೇ ಕಟ್ಟಿದ ಅಂಡಾಕಾರದ ಪಥಗಳಲ್ಲಿ, ಬಳಸುವ ಸೈಕಲುಗಳು ಹೀಗೆಯೇ ಇರುತ್ತವೆ ಎಂಬುದು ನಿಜ. ಅಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ, ಎದುರಿನಿಂದ ಬಸ್ಸು ಬರುವುದಿಲ್ಲ, ಯಾರೂ ಹಠಾತ್ತಾಗಿ ನಿಲ್ಲಬಾರದೆಂಬ ಕಾರಣಕ್ಕೆ ಬ್ರೇಕನ್ನೇ ನಿಷೇಧಿಸಲಾಗಿದೆ. ನಮ್ಮ ರಾಜ್ಯದಲ್ಲೇ ತಿರುವನಂತಪುರದ ಕಾರ್ಯವಟ್ಟಂನಲ್ಲಿ, ಲಕ್ಷ್ಮೀಬಾಯಿ ರಾಷ್ಟ್ರೀಯ ದೈಹಿಕ ಶಿಕ್ಷಣ ಕಾಲೇಜಿನ ಆವರಣದಲ್ಲಿ ಅಂತಹ ವೆಲೊಡ್ರೋಮ್ ಇದೆ. ದೆಹಲಿಯಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ಮರದ ಹಾಸಿನ ಒಳಾಂಗಣ ಪಥವೊಂದು ಸಿದ್ಧವಾಯಿತು. ಅಲ್ಲಿ ನಡೆದ 2022ರ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ಮಣಿಪುರದ ರೊನಾಲ್ಡೊ ಸಿಂಗ್ ಸ್ಪ್ರಿಂಟ್ ಸ್ಪರ್ಧೆಯ ಬೆಳ್ಳಿ ಗೆದ್ದರು. ಜಪಾನಿನಲ್ಲಿ 1948ರಲ್ಲಿ ಕೊಕುರಾದಲ್ಲಿ ಆರಂಭವಾದ, ಬಾಜಿ ಕಟ್ಟಿ ನಡೆಸುವ ಕೇರಿನ್ ಎಂಬ ಸೈಕಲ್ ಪಂದ್ಯಗಳಿಂದ ಈ ಸೈಕಲುಗಳ ಕಟ್ಟಣೆಗೆ ಕಟ್ಟುನಿಟ್ಟಾದ ಪ್ರಮಾಣಗಳೂ ಹುಟ್ಟಿದವು. ಇದೇ ಸೈಕಲನ್ನು ನ್ಯೂಯಾರ್ಕ್, ಸ್ಯಾನ್ ಫ್ರಾನ್ಸಿಸ್ಕೊ, ಲಂಡನ್ನಿನಂತಹ ಊರುಗಳಲ್ಲಿ ಪತ್ರ ಹಂಚುವ ಸವಾರರು ರಸ್ತೆಗಿಳಿಸಿದ್ದು ಕೆಡುವ ಭಾಗಗಳು ಕಡಿಮೆ ಎಂಬ ಕಾರಣಕ್ಕೆ. ಅವರನ್ನು ನೋಡಿ 2000ದ ದಶಕದಲ್ಲಿ ಇದು ಫ್ಯಾಷನ್ ಆಯಿತು, ಆ ಫ್ಯಾಷನ್ ಈಗ ಮೊಬೈಲ್ ತೆರೆಯ ಮೂಲಕ ನಮ್ಮ ಅಡಿಕೆ ತೋಟಗಳ ನಡುವಿನ ರಸ್ತೆಗೂ ಬಂದಿದೆ. ಕೆಲಸಕ್ಕಾಗಿ ತುಳಿದವರ ಸೈಕಲು ಅಂದಕ್ಕಾಗಿ ತುಳಿಯುವವರ ಕೈಗೆ ಬಂದಾಗ ಮೊದಲು ಹೋಗುವುದು ಬ್ರೇಕು. ಇದು ನನಗೆ ಇನ್ನೂ ಅರ್ಥವಾಗದ ಸೌಂದರ್ಯಪ್ರಜ್ಞೆ.

ಈಗ ಸೈಕಲಿನ ಭಾಗಗಳಿಗೆ ಬರೋಣ. ಚೌಕಟ್ಟು ಸಾಧಾರಣ ಉಕ್ಕಿನದು, ಸ್ವಲ್ಪ ತೂಕದ್ದು, ಬೆಸುಗೆ ಅಚ್ಚುಕಟ್ಟಾಗಿದೆ, ಬಣ್ಣ ಮಾತ್ರ ಸಣ್ಣ ಕಲ್ಲು ತಾಗಿದರೂ ಏಳುತ್ತದೆ. ಹಿಂಗಾಲಿಯ ಅಚ್ಚು ಕೂರುವ ಸೀಳು ಅಡ್ಡಕ್ಕೆ ಇರುವುದು ಮುಖ್ಯ. ಗೇರ್ ಸೈಕಲುಗಳಲ್ಲಿ ಈ ಸೀಳು ಸಾಮಾನ್ಯವಾಗಿ ಲಂಬವಾಗಿರುತ್ತದೆ, ಅದರಲ್ಲಿ ಗಾಲಿಯನ್ನು ಹಿಂದೆ ಮುಂದೆ ಸರಿಸಿ ಚೈನನ್ನು ಬಿಗಿ ಮಾಡಲಾಗುವುದಿಲ್ಲ. ಫಿಕ್ಸೆಡ್ ಸೈಕಲಿನಲ್ಲಿ ಚೈನಿನ ಬಿಗಿಯೇ ಪ್ರಾಣ. ಮಾಮೂಲಿ ಸೈಕಲಿನಲ್ಲಿ ಚೈನು ಕಳಚಿದರೆ ಕೈ ಕರಿಯಾಗುತ್ತದೆ ಅಷ್ಟೇ. ಇಲ್ಲಿ ಕಳಚಿದ ಚೈನು ಹಲ್ಲಿಗೂ ಚೌಕಟ್ಟಿಗೂ ನಡುವೆ ಸಿಕ್ಕಿಕೊಂಡರೆ ಓಡುತ್ತಿರುವ ಹಿಂಗಾಲಿ ನಿಂತೇ ಹೋಗಬಹುದು. ಚೈನಿನ ನಡುಭಾಗವನ್ನು ಬೆರಳಿನಿಂದ ಒತ್ತಿದರೆ ಮೇಲೆ ಕೆಳಗೆ ಸೇರಿ ಅರ್ಧ ಇಂಚಿನಷ್ಟು ಆಡಬೇಕು, ಅದಕ್ಕಿಂತ ಹೆಚ್ಚು ಬೇಡ. ಅಗ್ಗದ ಚೈನ್‌ವೀಲುಗಳು ಪೂರ್ತಿ ದುಂಡಗಿರುವುದಿಲ್ಲವಾದ್ದರಿಂದ ಪೆಡಲು ತಿರುಗಿಸುತ್ತ ಚೈನು ಅತಿ ಬಿಗಿಯಾಗುವ ಜಾಗವನ್ನು ಹುಡುಕಿ ಅಲ್ಲಿಯೇ ಅಳೆಯಬೇಕು. ನಮ್ಮದರ ಚೈನ್‌ವೀಲ್ ಸ್ವಲ್ಪ ಸೊಟ್ಟವಿದ್ದದ್ದು ನಿಜ, ಆದರೆ ಐದು ಬೋಲ್ಟುಗಳನ್ನು ಸಡಿಲಿಸಿ ತಟ್ಟಿ ಕೂರಿಸಿದ ಮೇಲೆ ತೊಂದರೆಯಾಗಲಿಲ್ಲ.

ಇಡೀ ಸೈಕಲಿನಲ್ಲಿ ಹಣ ಕೊಡಲು ಯೋಗ್ಯವಾದ ವಸ್ತು ಯಾವುದೆಂದರೆ ಹಿಂದಿನ ಹಬ್. ಅದರ ಫಿಕ್ಸೆಡ್ ಬದಿಯಲ್ಲಿ ಎರಡು ಮೆಟ್ಟಿಲಿನ ಥ್ರೆಡ್ ಇರುತ್ತದೆ. ಒಳಗಿನ ದೊಡ್ಡ ಮೆಟ್ಟಿಲಿಗೆ ಸ್ಪ್ರಾಕೆಟ್ ಬಲಕ್ಕೆ ತಿರುಗಿಸಿದಂತೆ ಬಿಗಿಯಾಗುತ್ತದೆ. ಹೊರಗಿನ ಸಣ್ಣ ಮೆಟ್ಟಿಲಿಗೆ, ಸ್ಪ್ರಾಕೆಟನ್ನು ಹಿಡಿದಿಡುವ ಲಾಕ್ ರಿಂಗ್ ಎಂಬ ಬಳೆ ಎಡಕ್ಕೆ ತಿರುಗಿಸಿದಂತೆ ಬಿಗಿಯಾಗುತ್ತದೆ. ಈ ವಿರುದ್ಧ ದಿಕ್ಕಿನಲ್ಲೇ ಎಲ್ಲ ಗುಟ್ಟಿರುವುದು. ಸವಾರ ಪೆಡಲನ್ನು ಹಿಂದಕ್ಕೆ ಒತ್ತಿ ತಡೆದಾಗ ಸ್ಪ್ರಾಕೆಟ್ ಕಳಚಿಕೊಳ್ಳುವ ದಿಕ್ಕಿಗೆ ತಿರುಗಲು ನೋಡುತ್ತದೆ, ಆದರೆ ಆ ಎಳೆತ ಲಾಕ್ ರಿಂಗನ್ನು ಇನ್ನಷ್ಟು ಬಿಗಿ ಮಾಡುವುದರಿಂದ ಎರಡೂ ಒಂದನ್ನೊಂದು ಕಟ್ಟಿಹಾಕುತ್ತವೆ. ಹೊಸ ಸೈಕಲಿನಲ್ಲಿ ಈ ಎರಡೂ ಅಗತ್ಯವಿದ್ದಷ್ಟು ಬಿಗಿಯಾಗಿರಲಿಲ್ಲ. ಇದು ಪೆಟ್ಟಿಗೆಯಲ್ಲಿ ಬರುವ ಯಾವ ಸೈಕಲಿಗೂ ತಪ್ಪಿದ್ದಲ್ಲವಾದ್ದರಿಂದ ಮೊದಲ ಸವಾರಿಗೆ ಮುನ್ನ ಸ್ಪ್ರಾಕೆಟನ್ನು, ಚೈನಿನ ತುಂಡು ಜೋಡಿಸಿದ ಚೈನ್ ವಿಪ್ ಎಂಬ ಹಿಡಿಕೆಯಿಂದಲೂ ಲಾಕ್ ರಿಂಗನ್ನು ಅದರದ್ದೇ ಕೊಕ್ಕೆಯ ಸ್ಪ್ಯಾನರಿನಿಂದಲೂ ಬಿಗಿದು, ಒಂದು ಸಣ್ಣ ಏರನ್ನು ಬಲವಾಗಿ ತುಳಿದು ಹತ್ತಿ ಬಂದು, ಲಾಕ್ ರಿಂಗನ್ನು ಮತ್ತೊಮ್ಮೆ ಬಿಗಿಯಬೇಕು. ಏರು ಹತ್ತುವಾಗ ಸ್ಪ್ರಾಕೆಟ್ ಇನ್ನೂ ಸ್ವಲ್ಪ ಒಳಗೆ ಹೋಗಿ ಕೂರುತ್ತದೆ, ಆಗ ಲಾಕ್ ರಿಂಗ್ ಸಡಿಲವಾಗಿ ಉಳಿಯುತ್ತದೆ.

ಇಲ್ಲಿಯೇ ಒಂದು ಎಚ್ಚರಿಕೆಯನ್ನೂ ಹೇಳಬೇಕು. ಮನೆಯ ಅಟ್ಟದಲ್ಲಿರುವ ಹಳೆಯ ಸೈಕಲಿನ ಫ್ರೀವೀಲ್ ಬಿಚ್ಚಿ ಆ ಜಾಗಕ್ಕೆ ಫಿಕ್ಸೆಡ್ ಸ್ಪ್ರಾಕೆಟ್ ಹಾಕಿಸಿಕೊಂಡರೆ ಅಗ್ಗದಲ್ಲಿ ಕೆಲಸವಾಗುತ್ತದೆಂದು ಹುಡುಗರು ಯೋಚಿಸುತ್ತಾರೆ. ಥ್ರೆಡ್ ಹೊಂದುತ್ತದೆ; ಎರಡಕ್ಕೂ 1.37 ಇಂಚು, ಇಂಚಿಗೆ 24 ಸುತ್ತಿನ ಅಳತೆಯೇ. ಹೊಂದುವುದೇ ಅಪಾಯಕ್ಕೆ ಕಾರಣ. ಆ ಹಬ್ಬಿನಲ್ಲಿ ಎಡದಿಕ್ಕಿನ ಸಣ್ಣ ಮೆಟ್ಟಿಲು ಇಲ್ಲದಿರುವುದರಿಂದ ನಿಜವಾದ ಲಾಕ್ ರಿಂಗ್ ಕೂರುವುದಿಲ್ಲ. ಪೆಡಲಿನ ಅಚ್ಚು ಕೂರುವ ಬಾಟಂ ಬ್ರಾಕೆಟಿನ ರಿಂಗನ್ನು ಅಲ್ಲಿಗೆ ತಿರುಗಿಸಿ, ಅಂಟು ಹಚ್ಚಿ ಬಿಗಿದರೂ ಅದು ಸ್ಪ್ರಾಕೆಟಿನ ದಿಕ್ಕಿಗೇ ಕಳಚುವಂಥದ್ದು. ಇಳಿಜಾರಿನಲ್ಲಿ ಹಿಂದಕ್ಕೆ ಒತ್ತಿದ ಕ್ಷಣಕ್ಕೆ ಎರಡೂ ಒಟ್ಟಿಗೆ ಬಿಚ್ಚಿಕೊಂಡರೆ ಸವಾರನ ಕೈಯಲ್ಲಿ ಹ್ಯಾಂಡಲೊಂದೇ ಉಳಿಯುತ್ತದೆ. ಬದಿಯಡ್ಕದಲ್ಲಿ ನಾವು ಸೈಕಲ್ ತೋರಿಸಿದ ಹಿರಿಯ ಮೇಸ್ತ್ರಿಯೊಬ್ಬರು ಫಿಕ್ಸೆಡ್ ಸೈಕಲನ್ನು ಅದುವರೆಗೆ ಕಂಡವರಲ್ಲ. "ಇದಕ್ಕೆ ಫ್ರೀವೀಲೇ ಇಲ್ಲವಲ್ಲ ಮಾರಾಯ್ರೇ" ಎಂದು ನಕ್ಕವರು, ಎಡದಿಕ್ಕಿನ ಥ್ರೆಡ್ ಕಂಡೊಡನೆ ಯಾರೂ ಹೇಳದೆಯೇ ಅದರ ಉಪಯೋಗವನ್ನು ತಿಳಿದುಕೊಂಡರು. ಮಾಮೂಲಿ ಹಬ್ಬಿಗೆ ಇದನ್ನು ಹಾಕಿಕೊಡುತ್ತೀರಾ ಎಂದು ನಮ್ಮ ಹುಡುಗ ಕೇಳಿದಾಗ ಹಾಕುವುದಿಲ್ಲವೆಂದೂ ಕಾರಣವನ್ನು ಅವನೇ ಯೋಚಿಸಬೇಕೆಂದೂ ಹೇಳಿ ಕಳಿಸಿದರು. ಅಂತಹ ಮೇಸ್ತ್ರಿ ನಿಮ್ಮ ಪೇಟೆಯಲ್ಲಿದ್ದರೆ ಸೈಕಲನ್ನು ಅವರಲ್ಲೇ ಜೋಡಿಸಿಕೊಳ್ಳಿ.

ಗೇರಿನ ಲೆಕ್ಕವನ್ನು ಸ್ವಲ್ಪ ಸಾವಧಾನವಾಗಿ ನೋಡಬೇಕು, ಏಕೆಂದರೆ ಇರುವುದು ಒಂದೇ ಗೇರ್. 46ಕ್ಕೆ 16 ಎಂದರೆ ಪೆಡಲಿನ ಒಂದು ಸುತ್ತಿಗೆ ಹಿಂಗಾಲಿ ಸುಮಾರು 2.9 ಸುತ್ತು ತಿರುಗಿ ಸೈಕಲ್ ಸುಮಾರು 6.1 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 33 ಕಿಲೋಮೀಟರ್ ವೇಗ. ಕುಂಬಳೆಯಿಂದ ಮೊಗ್ರಾಲ್ ಕಡೆಗೆ ಹೆದ್ದಾರಿಯ ಪಕ್ಕದ ಸರ್ವಿಸ್ ರಸ್ತೆಯಲ್ಲೋ ಕೊಯಿಪಾಡಿಯ ಕಡಲ ಬದಿಯ ರಸ್ತೆಯಲ್ಲೋ ಬೆಳಗಿನ ಗಾಳಿಯಿಲ್ಲದ ಹೊತ್ತಿನಲ್ಲಿ ಇದು ಹೇಳಿಮಾಡಿಸಿದ ಗೇರ್. ಆದರೆ ಕುಂಬಳೆಯಿಂದ ನಾಯ್ಕಾಪು ದಾಟಿ ಸೀತಾಂಗೋಳಿಗೆ ಹೋಗುವವರು ಕಡಲ ಮಟ್ಟದಿಂದ ಮುರಕಲ್ಲಿನ ಬಯಲಿನ ಎತ್ತರಕ್ಕೆ ಏರಬೇಕು. ಆ ಏರಿನಲ್ಲಿ ವೇಗ ಗಂಟೆಗೆ 10 ಕಿಲೋಮೀಟರಿಗೆ ಇಳಿದರೆ ಪೆಡಲು ನಿಮಿಷಕ್ಕೆ 27 ಸುತ್ತು ಮಾತ್ರ ತಿರುಗುತ್ತದೆ. ಅಂದರೆ ಪ್ರತಿ ಸುತ್ತೂ ಸೀಟಿನಿಂದ ಎದ್ದು ಮೈಭಾರ ಹಾಕಿ ತುಳಿಯುವ ಕೆಲಸ, ಮೊಣಕಾಲಿಗೆ ಒಳ್ಳೆಯದಲ್ಲ. ಇಪ್ಪತ್ತರ ಹುಡುಗ ಇದನ್ನು ವ್ಯಾಯಾಮವೆಂದು ಕರೆಯುತ್ತಾನೆ, ಐವತ್ತರ ಸಮೀಪವಿರುವ ನಾನು ಬೇರೆ ಸ್ಪ್ರಾಕೆಟ್ ತರಿಸಿದೆ.

ಫಿಕ್ಸೆಡ್ ಬದಿಗೂ 18 ಹಲ್ಲು ಹಾಕಿದ ಮೇಲೆ ಒಂದು ಸುತ್ತಿಗೆ ಸುಮಾರು 5.5 ಮೀಟರ್ ಆಯಿತು. 90 ಸುತ್ತಿಗೆ ವೇಗ 29 ಕಿಲೋಮೀಟರಿನ ಹತ್ತಿರಕ್ಕೆ ಇಳಿಯಿತು, ಏರು ಸಹನೀಯವಾಯಿತು. ಆದರೆ ಒಂದು ಕಡೆ ಕೊಟ್ಟದ್ದನ್ನು ಗೇರ್ ಇನ್ನೊಂದು ಕಡೆ ಕಸಿದುಕೊಳ್ಳುತ್ತದೆ. ಸೀತಾಂಗೋಳಿಯಿಂದ ಕುಂಬಳೆಯ ಕಡೆಗೆ ಇಳಿಯುವಾಗ ಸೈಕಲನ್ನು ಬಿಟ್ಟರೆ ಬಿಟ್ಟಂತೆ ಓಡುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ 16 ಹಲ್ಲಿಗೆ ನಿಮಿಷಕ್ಕೆ 135ರಷ್ಟು, 18 ಹಲ್ಲಿಗೆ 150ಕ್ಕೂ ಮಿಕ್ಕಿ ಸುತ್ತು ಕಾಲು ತಿರುಗಬೇಕು. ವೆಲೊಡ್ರೋಮಿನ ಪಟುಗಳಿಗೆ ಅದು ಅಭ್ಯಾಸ. ನಮ್ಮಂತಹವರು ಸೀಟಿನ ಮೇಲೆ ಕುಪ್ಪಳಿಸುತ್ತ ಹಿಡಿತ ಕಳೆದುಕೊಳ್ಳುತ್ತೇವೆ. ಪೆಡಲಿನಿಂದ ಕಾಲು ತಪ್ಪಿದರೆ ತಿರುಗುತ್ತಿರುವ ಕ್ರ್ಯಾಂಕ್, ಅಂದರೆ ಪೆಡಲಿನ ತೋಳು, ಕಣಕಾಲಿಗೆ ಬಡಿಯುತ್ತದೆ, ಮತ್ತೆ ಕಾಲಿಡಲು ಎಡೆಯಿರುವುದಿಲ್ಲ. ಹೀಗಾಗಿ ಇಳಿಜಾರಿನ ಆರಂಭದಿಂದಲೇ ಮುಂದಿನ ಬ್ರೇಕನ್ನು ಹಿಡಿದು, ಕಾಲಿನ ಸುತ್ತು ಹಿಡಿತ ಮೀರದಂತೆ ಇಳಿಯುವುದೇ ದಾರಿ. ಪ್ರಯಾಣದುದ್ದಕ್ಕೂ ಏರಿಳಿತವೇ ಇರುವ ದಿನ ನಾನು ಹಿಂಗಾಲಿ ತಿರುಗಿಸಿ ಫ್ರೀವೀಲಿನ ಬದಿಯನ್ನು ಹಾಕಿಕೊಳ್ಳುತ್ತೇನೆ. 15 ಮಿಲಿಮೀಟರಿನ ಒಂದು ಸ್ಪ್ಯಾನರ್ ಸಾಕು. ಇದು ನಾಚಿಕೆಪಡಬೇಕಾದ ಸಂಗತಿಯಲ್ಲ. ಟೂರ್ ಡಿ ಫ್ರಾನ್ಸ್ ಪಂದ್ಯದಲ್ಲಿ ಗೇರ್ ಬದಲಿಸುವ ಸಲಕರಣೆಗೆ 1937ರವರೆಗೆ ಅನುಮತಿಯಿರಲಿಲ್ಲ. ಆ ಕಾಲದ ಸವಾರರು ಬೆಟ್ಟದ ಬುಡದಲ್ಲಿ ಇಳಿದು, ಹಿಂಗಾಲಿಯನ್ನು ಹೀಗೆಯೇ ತಿರುಗಿಸಿ ಹಾಕಿಕೊಂಡು ಹತ್ತುತ್ತಿದ್ದರು.

ಹಾಗಾದರೆ ಫಿಕ್ಸೆಡ್ ಬದಿಯೇಕೆ ಬೇಕು ಎಂದು ಕೇಳಬಹುದು. ತುಳಿದೇ ತಿಳಿಯಬೇಕಾದ ಸುಖವದು. ಸಮತಟ್ಟಿನಲ್ಲಿ ಒಮ್ಮೆ ಲಯ ಹಿಡಿದ ಮೇಲೆ ಗಾಲಿಯ ಓಟವೇ ಪೆಡಲನ್ನು ಮೇಲ್ತುದಿಯ ನಿರ್ಜೀವ ಜಾಗದಿಂದ ದಾಟಿಸಿಕೊಡುವುದರಿಂದ ಕಾಲು ತಡೆಯಿಲ್ಲದೆ ದುಂಡಗೆ ತಿರುಗಲು ಕಲಿಯುತ್ತದೆ. ಮುಂದಿನ ವಾಹನ ನಿಧಾನವಾದರೆ ಬ್ರೇಕಿಗೆ ಕೈಹಾಕದೆ, ತುಳಿತವನ್ನು ಒಂದಿಷ್ಟು ಹಿಡಿದು ವೇಗ ತಗ್ಗಿಸಬಹುದು. ಪೇಟೆಯ ಒಳಗೆ ಆಮೆಯ ವೇಗದಲ್ಲಿ ಹೋಗುವಾಗಲೂ ಸೈಕಲ್ ಕಾಲಿನ ಮಾತು ಕೇಳುತ್ತದೆ. ಟಯರಿನ ಕೆಳಗಿನ ರಸ್ತೆ ಒದ್ದೆಯೋ ಮರಳೋ ಎಂಬುದು ಪಾದಕ್ಕೆ ಗೊತ್ತಾಗುತ್ತದೆ. ಫ್ರೀವೀಲಿನ ಸದ್ದೂ ಇಲ್ಲದಿರುವುದರಿಂದ ಸೈಕಲ್ ಪೂರ್ತಿ ಮೌನ. ಮೊದಲ ಕೆಲವು ದಿನ ಕಾಲು ನಿಲ್ಲಿಸಲು ಹೋಗಿ ಸೀಟಿನಿಂದ ಎತ್ತಿ ಎಸೆದಂತಾಗುವುದು ಎಲ್ಲರಿಗೂ ಆಗುವಂಥದ್ದೇ, ಆ ಅಭ್ಯಾಸವನ್ನು ಶಾಲೆಯ ಮೈದಾನದಲ್ಲಿ ಮುಗಿಸಿಕೊಳ್ಳಬೇಕು. ನಮ್ಮಲ್ಲಿ ಹೇರಳವಾಗಿರುವ ರಸ್ತೆಯ ಉಬ್ಬುಗಳನ್ನು ತುಳಿಯುತ್ತಲೇ ದಾಟಬೇಕು. ಎರಡು ಪೆಡಲುಗಳೂ ಅಡ್ಡಕ್ಕೆ ಬರುವ ಹೊತ್ತಿಗೆ ಉಬ್ಬು ಸಿಗುವಂತೆ ವೇಗ ಹೊಂದಿಸಿ, ಸೀಟಿನಿಂದ ಸ್ವಲ್ಪ ಮೇಲೆದ್ದು ದಾಟುವುದು ಒಂದು ಕಲೆ. ತಿರುವಿನಲ್ಲಿ ಸೈಕಲನ್ನು ಹೆಚ್ಚು ವಾಲಿಸಿದರೆ ಒಳಬದಿಯ ಪೆಡಲು ನೆಲಕ್ಕೆ ತಾಗುತ್ತದೆ, ಏಕೆಂದರೆ ಅದನ್ನು ಮೇಲೆತ್ತಿ ಹಿಡಿಯಲಾಗದು. ನಮ್ಮ ಸೈಕಲಿಗೆ 165 ಮಿಲಿಮೀಟರಿನ ಗಿಡ್ಡ ಕ್ರ್ಯಾಂಕ್ ಕೊಟ್ಟಿರುವುದು ಈ ಕಾರಣಕ್ಕೆ. ಅದು ಸರಿಯಾದ ಆಯ್ಕೆ.

ಇನ್ನು ಬ್ರೇಕಿನ ವಿಷಯ. ಸೈಕಲ್ ಜೋಡಿಸಿದ ದಿನವೇ ಹುಡುಗ, "ಮಾವ, ಎರಡು ಬ್ರೇಕನ್ನೂ ತೆಗೆದರೆ ಚಂದ ಕಾಣುತ್ತದೆ, ಕಾಲಿನಲ್ಲೇ ನಿಲ್ಲಿಸಬಹುದು" ಎಂದ. ಕಾಲಿನಲ್ಲಿ ನಿಲ್ಲಿಸಬಹುದೆಂಬುದು ಸುಳ್ಳಲ್ಲ, ಎಷ್ಟು ದೂರದಲ್ಲಿ ಎಂಬುದು ಪ್ರಶ್ನೆ. ಸೈಕಲನ್ನು ತಡೆದಾಗ ಮೈಭಾರ ಮುಂದಕ್ಕೆ ಸರಿದು ಹಿಂಗಾಲಿ ಹಗುರಾಗುತ್ತದೆ. ಹಗುರಾದ ಗಾಲಿ ರಸ್ತೆಯನ್ನು ಕಚ್ಚುವುದಿಲ್ಲ, ಜಾರುತ್ತದೆ. ಒಣ ಡಾಂಬರಿನ ಮೇಲೆ ಹಿಂಗಾಲಿಯೊಂದರಿಂದಲೇ ಗಂಟೆಗೆ 30 ಕಿಲೋಮೀಟರ್ ವೇಗದ ಸೈಕಲನ್ನು ನಿಲ್ಲಿಸಲು ತಡೆ ಹಾಕಿದ ಬಳಿಕ ಸುಮಾರು 14 ಮೀಟರ್ ಬೇಕಾದರೆ, ಮುಂದಿನ ಬ್ರೇಕನ್ನು ಸರಿಯಾಗಿ ಬಳಸಿದಾಗ ಅದರ ಅರ್ಧದಷ್ಟು ದೂರ ಸಾಕಾಗುತ್ತದೆ. ಆ ವ್ಯತ್ಯಾಸ ಒಂದು ಬಸ್ಸಿನ ಅರ್ಧ ಉದ್ದಕ್ಕಿಂತ ಹೆಚ್ಚು. ಇದು ಗುರುತ್ವದ ಲೆಕ್ಕ. ಸವಾರನ ತೊಡೆಯ ಬಲದಿಂದ ಬದಲಾಗುವಂಥದ್ದಲ್ಲ. ಹಿಂದಕ್ಕೆ ಒತ್ತುವುದಕ್ಕೂ ಪಾದಗಳನ್ನು ಪೆಡಲಿಗೆ ಪಟ್ಟಿಯಿಂದ ಕಟ್ಟಿಕೊಂಡಿರಬೇಕು. ಚಪ್ಪಲಿ ಹಾಕಿಕೊಂಡು ಪೇಟೆಗೆ ಹೊರಟವನಿಗೆ ಆ ಬಲವೂ ಸಿಗುವುದಿಲ್ಲ.

ಫ್ಯಾಷನ್ ಹುಟ್ಟಿದ ದೇಶಗಳ ಕಾನೂನು ಕೂಡ ಹುಡುಗರ ಪರವಾಗಿಲ್ಲ. ಬ್ರಿಟನ್ನಿನ 1983ರ ನಿಯಮಗಳ ಪ್ರಕಾರ ಫಿಕ್ಸೆಡ್ ಸೈಕಲಿನ ಹಿಂಗಾಲಿಗೆ ಬೇರೆ ಬ್ರೇಕು ಬೇಕಿಲ್ಲ, ಮುಂದಿನ ಗಾಲಿಗೆ ಬ್ರೇಕು ಇರಲೇಬೇಕು. ಕೇರಿನ್ ಪಂದ್ಯಗಳ ತವರಾದ ಜಪಾನಿನಲ್ಲೇ ರಸ್ತೆಗಿಳಿಯುವ ಸೈಕಲಿಗೆ ಎರಡು ಗಾಲಿಗಳಿಗೂ ಬ್ರೇಕು ಕಡ್ಡಾಯ. ಗಂಟೆಗೆ 10 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿರುವಾಗ ಬ್ರೇಕು ಹಿಡಿದರೆ 3 ಮೀಟರಿನೊಳಗೆ ನಿಲ್ಲಬೇಕೆಂಬ ಅಳತೆಯೂ ಅಲ್ಲಿನ ನಿಯಮದಲ್ಲಿದೆ. ಸೈಕಲುಗಳ ಸುರಕ್ಷತೆಯ ಅಂತಾರಾಷ್ಟ್ರೀಯ ಪ್ರಮಾಣವಾದ ಐಎಸ್‌ಒ 4210 ಕೂಡ ಮುಂದೆ ಒಂದು, ಹಿಂದೆ ಒಂದು ಹೀಗೆ ಕನಿಷ್ಠ ಎರಡು ಸ್ವತಂತ್ರ ಬ್ರೇಕುಗಳನ್ನು ಕೇಳುತ್ತದೆ. ನಮ್ಮ ಹುಡುಗನೊಂದಿಗೆ ನಡೆದ ಚರ್ಚೆ ಹಿಂದಿನ ಬ್ರೇಕನ್ನು ಅವನ ಇಷ್ಟಕ್ಕೆ ಬಿಟ್ಟು, ಮುಂದಿನದಕ್ಕೆ ಒಳ್ಳೆಯ ರಬ್ಬರ್ ಹಾಕಿಸುವಲ್ಲಿಗೆ ನಿಂತಿತು. ಸೈಕಲಿನೊಂದಿಗೆ ಬಂದ ಬ್ರೇಕ್ ರಬ್ಬರುಗಳು ಗಟ್ಟಿಯಾಗಿದ್ದವು, ಒದ್ದೆಯಾದರೆ ಹಿಡಿಯುತ್ತಲೇ ಇರಲಿಲ್ಲ. ಇಡೀ ಸೈಕಲಿನಲ್ಲಿ ನಾನು ಕಂಡ ನಿಜವಾದ ಜಿಪುಣತನ ಇದೊಂದೇ. ಮೆದುವಾದ ಬೇರೆ ಜೋಡಿ ಹಾಕಿಸಿದ ಮೇಲೆ ಬ್ರೇಕಿನ ಬಗ್ಗೆ ದೂರಿಲ್ಲ. ಆದರೆ ಫ್ರೀವೀಲಿನ ಬದಿ ಹಾಕಿಕೊಂಡ ದಿನ ಕಾಲಿನಿಂದ ತಡೆಯುವುದು ಸಾಧ್ಯವಿಲ್ಲವಾದ್ದರಿಂದ ಆಗ ಹಿಂದಿನ ಬ್ರೇಕೂ ಇರಲೇಬೇಕು ಎಂಬುದನ್ನು ಮರೆಯಬಾರದು. ಈ ಕಾರಣಕ್ಕಾಗಿಯೇ ಅವನೂ ಕೊನೆಗೆ ಎರಡನ್ನೂ ಉಳಿಸಿಕೊಂಡಿದ್ದಾನೆ.

ಮಳೆಗಾಲದಲ್ಲಿ ಈ ಸೈಕಲಿನ ಗುಣದೋಷಗಳೆರಡೂ ಎದ್ದು ಕಾಣುತ್ತವೆ. ಇಂಗ್ಲೆಂಡಿನ ಹಳೆಯ ಸೈಕಲ್ ಕ್ಲಬ್ಬುಗಳ ಸವಾರರು ಚಳಿಗಾಲದ ಕೆಸರಿನಲ್ಲಿ ಗೇರ್ ಸೈಕಲನ್ನು ಒಳಗಿಟ್ಟು ಫಿಕ್ಸೆಡ್ ಸೈಕಲ್ ತುಳಿಯುತ್ತಿದ್ದರು, ಕೆಸರು ಹೊಕ್ಕು ಕೆಡುವ ಭಾಗಗಳು ಇದರಲ್ಲಿಲ್ಲ ಎಂಬ ಕಾರಣಕ್ಕೆ. ಜೂನ್ ತಿಂಗಳಿನಿಂದ ಮುರಕಲ್ಲಿನ ಕೆಂಪು ರಾಡಿ ರಸ್ತೆಗೆ ಹರಿದು ಬರುವ ನಮ್ಮ ಊರಿಗೂ ಅದೇ ಮಾತು ಸಲ್ಲುತ್ತದೆ. ಗೇರ್ ಸೈಕಲಿನ ಸಣ್ಣ ಹಲ್ಲುಚಕ್ರಗಳಲ್ಲಿ ಆ ಮಣ್ಣು ಅಂಟಿ ಒಣಗಿದರೆ ಬಿಡಿಸುವುದಕ್ಕೆ ಒಂದು ಸಂಜೆ ಬೇಕು. ಇದಕ್ಕೆ ಒಂದು ಬಾಲ್ದಿ ನೀರು, ಒಂದು ಹಳೆಯ ಬಟ್ಟೆ, ನಾಲ್ಕು ಹನಿ ಎಣ್ಣೆ ಸಾಕು. 1/8 ಇಂಚಿನ ಅಗಲವಾದ ಚೈನು ಗೇರ್ ಸೈಕಲಿನ ಸಪೂರ ಚೈನಿಗಿಂತ ಹೆಚ್ಚು ಬಾಳುತ್ತದೆ. ದೋಷಗಳೂ ಇವೆ. ಮಡ್‌ಗಾರ್ಡು ಕೂರಿಸಲು ಚೌಕಟ್ಟಿನಲ್ಲಿ ತೂತುಗಳಿಲ್ಲದ ಕಾರಣ ಬೆನ್ನಿನ ತುಂಬ ಕೆಂಪು ಗೆರೆ ಎಳೆದುಕೊಂಡೇ ಮನೆ ಸೇರಬೇಕು. ಕಡಲ ಬದಿಯ ಉಪ್ಪುಗಾಳಿಗೆ ಗಾಲಿಯ ನಟ್ಟುಗಳೂ ಚೈನ್‌ವೀಲಿನ ಬೋಲ್ಟುಗಳೂ ಬೇಗ ತುಕ್ಕು ಹಿಡಿದವು. ಒದ್ದೆ ರಸ್ತೆಯಲ್ಲಿ ಕಾಲಿನಿಂದ ತಡೆಯುವುದನ್ನು ನಾನಂತೂ ಬಿಟ್ಟೇಬಿಟ್ಟೆ, ಹಿಂಗಾಲಿ ಅಡ್ಡ ಜಾರಿದರೆ ಸೈಕಲನ್ನು ಹಿಡಿದಿಡುವುದು ಕಷ್ಟ.

ಹಿಂಗಾಲಿಯನ್ನು ಜಾರಿಸಿ ನಿಲ್ಲಿಸುವುದೇ ಈ ಸೈಕಲಿನ ಮೋಜೆಂದು ತಿಳಿದವರು ಟಯರಿನ ಲೆಕ್ಕವನ್ನೂ ತಿಳಿದಿರುವುದು ಒಳ್ಳೆಯದು. ಪೆಡಲನ್ನು ಪ್ರತಿ ಸಲವೂ ಒಂದೇ ಭಂಗಿಯಲ್ಲಿ ತಡೆಯುವುದರಿಂದ ಟಯರು ಕೆಲವೇ ಜಾಗಗಳಲ್ಲಿ ಸವೆಯುತ್ತದೆ. ಆ ಜಾಗಗಳೆಷ್ಟೆಂಬುದನ್ನು ಹಲ್ಲುಗಳ ಸಂಖ್ಯೆ ನಿರ್ಧರಿಸುತ್ತದೆ. 46ಕ್ಕೆ 16 ಎಂಬುದನ್ನು ಸಂಕ್ಷೇಪಿಸಿದರೆ 23ಕ್ಕೆ 8; ಸಂಕ್ಷೇಪಿಸಿದಾಗ ಹಿಂದಿನ ಹಲ್ಲಿನ ಅಂಕಿ ಎಷ್ಟು ಉಳಿಯುತ್ತದೋ ಅಷ್ಟೇ ಜಾಗ, ಹಾಗಾಗಿ 8. 46ಕ್ಕೆ 18 ಆದರೆ 9. ಅದೇ 48ಕ್ಕೆ 16 ಹಾಕಿಕೊಂಡವನಿಗೆ ಒಂದೇ ಜಾಗ ಸಿಗುತ್ತದೆ, ಟಯರು ಬಹಳ ಬೇಗ ತೂತಾಗುತ್ತದೆ. 46ಕ್ಕೆ 17 ಎಂದಾದರೆ 17 ಜಾಗ, ಜಾರಿಸುವ ಚಟವಿರುವವರಿಗೆ ಅದೇ ಲಾಭದ್ದು.

ಸೀಟು ಗಟ್ಟಿ, ಪೆಡಲುಗಳು ಸಾಧಾರಣ, ಹ್ಯಾಂಡಲಿನ ಹಿಡಿಕೆ ಬೆವರಿಗೆ ಜಾರುತ್ತದೆ. ಮೂರನ್ನೂ ಕಡಿಮೆ ಖರ್ಚಿನಲ್ಲಿ ಬದಲಿಸಬಹುದು, ಹೆಚ್ಚು ಹೇಳುವಂಥದ್ದೇನಿಲ್ಲ.

ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಎಚ್ಚರ ಇನ್ನೂ ಹೆಚ್ಚಿರಬೇಕು. ಸೈಕಲನ್ನು ತಲೆಕೆಳಗೆ ಮಾಡಿ ಗಾಲಿ ತಿರುಗಿಸುತ್ತ ಬಟ್ಟೆಯಿಂದ ಚೈನು ಒರೆಸುವುದು ನಮ್ಮಲ್ಲಿ ಎಲ್ಲರ ಅಭ್ಯಾಸ. ಮಾಮೂಲಿ ಸೈಕಲಿನಲ್ಲಿ ಬೆರಳು ಚೈನಿಗೆ ತಾಗಿದರೆ ಪೆಡಲು ನಿಂತು ಬಿಡುತ್ತದೆ; ಇಲ್ಲಿ ಗಾಲಿಯ ಇಡೀ ಓಟ ಚೈನಿನ ಹಿಂದಿರುವುದರಿಂದ ಹಲ್ಲಿನ ಎಡೆಗೆ ಸಿಕ್ಕ ಬೆರಳು ತುಂಡಾಗಬಹುದು. ಗಾಲಿಯನ್ನು ಪೂರ್ತಿ ನಿಲ್ಲಿಸಿ, ಚೈನಿನ ಕೆಳಗಿನ ಸಾಲನ್ನು ಸ್ವಲ್ಪ ಸ್ವಲ್ಪವಾಗಿ ಒರೆಸಿ, ಮತ್ತೆ ಮುಂದಕ್ಕೆ ಸರಿಸಿಕೊಳ್ಳಬೇಕು. ಪಂಚೆಯುಟ್ಟು ಇದನ್ನು ತುಳಿಯುವುದನ್ನಂತೂ ಯೋಚಿಸಲೂಬಾರದು. ಚೈನಿಗೆ ಸಿಕ್ಕ ಅಂಚನ್ನು ಬಿಡಿಸಿಕೊಳ್ಳಲು ಕಾಲು ನಿಲ್ಲಿಸಲೂ ಆಗದು, ಬಟ್ಟೆ ಸುತ್ತುತ್ತಲೇ ಹೋಗುತ್ತದೆ. ಬಿಚ್ಚಿದ ಶೂ ದಾರಕ್ಕೂ ಇದೇ ಗತಿ.

ಕೊಳ್ಳಲು ನಿರ್ಧರಿಸಿದವರು ಸೈಕಲಿನೊಡನೆ ಒಂದೇ ಪಾರ್ಸೆಲಿನಲ್ಲಿ ಇನ್ನೊಂದು ಸ್ಪ್ರಾಕೆಟ್, ಲಾಕ್ ರಿಂಗಿನ ಸ್ಪ್ಯಾನರ್, ಚೈನ್ ವಿಪ್, 15 ಮಿಲಿಮೀಟರಿನ ಸ್ಪ್ಯಾನರ್ ಮತ್ತು ಒಂದು ಜೊತೆ ಮೆದು ಬ್ರೇಕ್ ರಬ್ಬರುಗಳನ್ನು ತರಿಸಿಕೊಳ್ಳಬೇಕು. ನಾನು ವಿಚಾರಿಸಿದ ಕುಂಬಳೆ, ಬದಿಯಡ್ಕ, ಕಾಸರಗೋಡಿನ ಅಂಗಡಿಗಳಲ್ಲಿ ಟ್ಯೂಬು, ಟಯರು, ಬ್ರೇಕಿನ ಕೇಬಲ್, ಚೈನು ಸಿಗುತ್ತವೆ. ಫಿಕ್ಸೆಡ್ ಸ್ಪ್ರಾಕೆಟ್ ಆಗಲಿ ಅದರ ಲಾಕ್ ರಿಂಗ್ ಆಗಲಿ ಎಲ್ಲಿಯೂ ಇರಲಿಲ್ಲ. ಕಡಲ ಬದಿಯಲ್ಲಿರುವವರಿಗೆ 16 ಹಲ್ಲು ಸರಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆಯವರು 18ಕ್ಕಿಂತ ಕಡಿಮೆ ಹಲ್ಲಿನದನ್ನು ಕೇಳಲೇಬೇಡಿ, ಮತ್ತು ಸ್ಪ್ರಾಕೆಟಿನ ಅಗಲ ನಿಮ್ಮ ಚೈನಿನಂತೆಯೇ 1/8 ಇಂಚಿನದೆಂದು ಹಣ ಕಟ್ಟುವ ಮೊದಲು ಬರೆಸಿಕೊಳ್ಳಿ.